ಜಕ್ಕೂರಿನಿಂದ ಕಾನೂನು ಓದಲು ಹೊರಟ ಮಗಳಿಗೆ

ನೀನು ಕಾನೂನು ಓದುತ್ತೀಯಂತೆ ಎಂದು ನಿಮ್ಮಪ್ಪ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ ಮಗಳೇ. ಅದರ ಬೆನ್ನಿಗೇ ಅವನು ಕೇಳಿದ ಮಾತು ಮಾತ್ರ ಮನಸ್ಸಿಗೆ ಹಿಡಿಸಲಿಲ್ಲ. "ಅಣ್ಣಾ, ನ್ಯಾಷನಲ್ ಲಾ ಸ್ಕೂಲ್ ಸಿಕ್ಕಿದರೆ ಸರಿ. ಸಿಗದಿದ್ದರೆ ಸುಮ್ಮನೆ ಬಿಕಾಂಗೆ ಹಾಕಿಬಿಡೋದೇ ವಾಸಿ ಅಲ್ವಾ?" ಅಂದ. ಜಕ್ಕೂರು, ಅಮೃತಹಳ್ಳಿ, ಕೋಗಿಲು ಎಲ್ಲ ಕಡೆಯ ಅಪ್ಪ ಅಮ್ಮಂದಿರೂ ಈಗ ಹೀಗೇ ಕೇಳುತ್ತಾರೆ. ಅವನಿಗೆ ಅಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಓದುವವಳು ನೀನು. ಅದಕ್ಕೇ ನಿನಗೇ ಬರೆಯುತ್ತಿದ್ದೇನೆ. ನಿಮ್ಮ ದೊಡ್ಡಪ್ಪ ನಲವತ್ತು ವರ್ಷ ಕರಿ ಕೋಟು ಹಾಕಿದವನು, ಹೇಳುವುದನ್ನು ತಾಳ್ಮೆಯಿಂದ ಓದು.

ಮೊದಲು ಒಂದಿಷ್ಟು ಹಿಂದಿನ ಕಥೆ ಗೊತ್ತಿರಲಿ. ನಮ್ಮ ಹಳೇ ಮೈಸೂರಿನ ಹುಡುಗರಿಗೆ ಒಂದು ಕಾಲದಲ್ಲಿ ಲಾ ಓದಲು ಊರೇ ಇರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲೇ ಶುರುವಾಯಿತು, ಆದರೆ ವಕೀಲನಾಗಬೇಕೆಂದವನು ಗಂಟುಮೂಟೆ ಕಟ್ಟಿಕೊಂಡು ಪುಣೆಗೋ ಮದ್ರಾಸಿಗೋ ಮುಂಬಯಿಗೋ ಹೋಗಬೇಕಿತ್ತು. ಎಸ್. ನಿಜಲಿಂಗಪ್ಪನವರು ಪುಣೆಯಲ್ಲಿ ಲಾ ಓದಿದರು. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರೂ ಅಲ್ಲೇ ಓದಿದರು. ಮುಂದೆ ಬೆಳಗಾವಿಯಲ್ಲಿ 1939ರಲ್ಲಿ ಕರ್ನಾಟಕ ಲಾ ಸೊಸೈಟಿ ಕಟ್ಟಿದರು, ಕಾಲೇಜು ತೆರೆದರು. ವಂಟಮುರಿಯ ರಾಜಾ ಲಖಮಗೌಡರ ಹೆಸರು ಅದಕ್ಕೆ ಬಂತು. ರಾಜಾ ಲಖಮಗೌಡ ಲಾ ಕಾಲೇಜು ಎಂದರೆ ಉತ್ತರ ಕರ್ನಾಟಕದಲ್ಲಿ ಈಗಲೂ ಜನ ಎದ್ದು ನಿಂತು ಮಾತಾಡುತ್ತಾರೆ. ಪಾಂಡವಪುರದ ಕಡೆಯ ಎಂಗಲಗುಪ್ಪೆಯ ಹುಡುಗ ಇ.ಎಸ್. ವೆಂಕಟರಾಮಯ್ಯ ಪುಣೆಯಲ್ಲೂ ಈ ಬೆಳಗಾವಿಯ ಕಾಲೇಜಿನಲ್ಲೂ ಓದಿ, 1946ರಲ್ಲಿ ವಕೀಲಿಕೆ ಶುರು ಮಾಡಿ, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಅವರ ಮಗಳು ಬಿ.ವಿ. ನಾಗರತ್ನ 2021ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

ಬೆಂಗಳೂರಿಗೆ ಸರ್ಕಾರಿ ಲಾ ಕಾಲೇಜು ಬಂದದ್ದು 1948ರಲ್ಲಿ. ಅದೇ ವರ್ಷ ನಮ್ಮೂರಲ್ಲಿ ಏರೋಡ್ರೋಮ್ ಆಯಿತು ನೋಡು. ಆ ಕಾಲೇಜೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಯೂನಿವರ್ಸಿಟಿ ಲಾ ಕಾಲೇಜ್ ಎನಿಸಿಕೊಂಡಿತು. ಎಂ.ಎನ್. ವೆಂಕಟಾಚಲಯ್ಯನವರು ಅಲ್ಲಿಯವರು. ಎಸ್. ರಾಜೇಂದ್ರ ಬಾಬು ಅಲ್ಲಿಯವರು. ಇಬ್ಬರೂ ಮುಖ್ಯ ನ್ಯಾಯಮೂರ್ತಿಗಳಾದರು. ಮದ್ದೂರಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಕೂಡ ಇಲ್ಲಿ ಓದಿ, ಆಮೇಲೆ ಅಮೆರಿಕಕ್ಕೆ ಹೋದರು: ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ, ಅಲ್ಲಿಂದ ಫುಲ್‌ಬ್ರೈಟ್ ವಿದ್ವಾಂಸರಾಗಿ ರಾಜಧಾನಿಯ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯ. 1865ರಲ್ಲಿ ಹುಟ್ಟಿದ ಅದರ ಲಾ ಶಾಲೆ ವಾಷಿಂಗ್ಟನ್ನಿನಲ್ಲೇ ಅತಿ ಹಳೆಯದು. ಅಷ್ಟು ಓದಿ ಬಂದವರು ಬೆಂಗಳೂರಿನ ರೇಣುಕಾಚಾರ್ಯ ಲಾ ಕಾಲೇಜಿನಲ್ಲಿ ಅಂತಾರಾಷ್ಟ್ರೀಯ ಕಾನೂನು ಪಾಠ ಮಾಡಿದರು. ಹಳ್ಳಿಯಿಂದ, ಬಸ್ಸಿನಲ್ಲಿ ಬಂದ ಹುಡುಗರಿಗೆ.

ಆ ರೇಣುಕಾಚಾರ್ಯ ಕಾಲೇಜಿನ ಇನ್ನೊಂದು ಹೆಸರನ್ನೂ ನೀನು ನೆನಪಿಡು. ಮಂಜುಳಾ ಚೆಲ್ಲೂರ್. ಬಳ್ಳಾರಿಯವರು. ಅಲ್ಲಿ ಕಾನೂನು ಓದಿ, ಬಳ್ಳಾರಿಯ ಕೋರ್ಟಿಗೆ ಮೊದಲ ಮಹಿಳಾ ವಕೀಲೆಯಾಗಿ ಹೋದರು. 2000ದಲ್ಲಿ ಕರ್ನಾಟಕ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಆಮೇಲೆ ಕೇರಳ, ಕಲ್ಕತ್ತ, ಬಾಂಬೆ, ಈ ಮೂರೂ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದರು. ನಿಮ್ಮಪ್ಪನಿಗೆ ಈ ಹೆಸರು ಹೇಳು.

ಇನ್ನು ಅವನು ಹಿಡಿದುಕೊಂಡಿರುವ ನ್ಯಾಷನಲ್ ಲಾ ಸ್ಕೂಲಿನ ವಿಷಯ. ಅದು ದೊಡ್ಡ ಶಾಲೆಯೇ, ನಾನು ಇಲ್ಲವೆನ್ನುವುದಿಲ್ಲ. ಕರ್ನಾಟಕದ ವಿಧಾನಮಂಡಲ 1986ರಲ್ಲಿ ಕಾಯಿದೆ ಮಾಡಿತು, 1988ರ ಜುಲೈನಲ್ಲಿ ಮೊದಲ ತಂಡ ಪಾಠಕ್ಕೆ ಕೂತಿತು. ಈಗಿರುವ ನಾಗರಭಾವಿಯ ಕಟ್ಟಡ ಆಗ ಇರಲಿಲ್ಲ, ಸೆಂಟ್ರಲ್ ಕಾಲೇಜಿನ ಆವರಣದಲ್ಲೇ ತರಗತಿ. ತಿರುವನಂತಪುರದ ಎನ್.ಆರ್. ಮಾಧವ ಮೆನನ್ ಅದನ್ನು ಕೈಯಾರೆ ಕಟ್ಟಿದರು. ಅಲ್ಲಿಯವರೆಗೆ ಲಾ ಎಂದರೆ ಡಿಗ್ರಿ ಮುಗಿಸಿ ಬೇರೆ ಕೆಲಸ ಸಿಗದವರು ಬೆಳಗ್ಗೆಯೋ ಸಂಜೆಯೋ ಹೋಗಿ ಹಾಜರಿ ಹಾಕಿಸಿಕೊಂಡು ಬರುವ ಓದು ಎಂಬ ಮಾತಿತ್ತು. ಆ ಮಾತು ಪೂರಾ ಸುಳ್ಳೂ ಅಲ್ಲ. ಮೆನನ್ ಅವರು ಪಿಯುಸಿ ಆದ ಕೂಡಲೇ ಐದು ವರ್ಷದ ಬಿಎ ಎಲ್‌ಎಲ್‌ಬಿ ತಂದರು, ವರ್ಷಕ್ಕೆ ಮೂರು ಟರ್ಮ್ ಮಾಡಿದರು, ಇತಿಹಾಸ ಅರ್ಥಶಾಸ್ತ್ರಗಳನ್ನು ಕಾನೂನಿನ ಜೊತೆಗೇ ಕಲಿಸಿದರು, ಮಕ್ಕಳನ್ನು ಜನರ ಹತ್ತಿರ ಕಳಿಸಿದರು. ದೇಶದಲ್ಲಿ ಆಮೇಲೆ ಹುಟ್ಟಿದ ನ್ಯಾಷನಲ್ ಲಾ ವಿಶ್ವವಿದ್ಯಾಲಯಗಳಿಗೆಲ್ಲ ಇದೇ ಮೇಲ್ಪಂಕ್ತಿ.

ಅದನ್ನು ಪೂರ್ವದ ಹಾರ್ವರ್ಡ್ ಎಂದು ಕರೆಯುವುದುಂಟು. ಆ ಹೆಸರಿನ ಹಿಂದೆ ಏನಿದೆ ಎಂಬುದನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನನ್ನ ಕಿವಿಮಾತೆಲ್ಲ ಅಲ್ಲೇ ಇದೆ. ಹಾರ್ವರ್ಡ್ ಲಾ ಶಾಲೆ 1817ರಲ್ಲಿ ಶುರುವಾಯಿತು. ಅದಕ್ಕೆ ಮೂಲ ದುಡ್ಡು ಬಂದದ್ದು ಐಸಾಕ್ ರಾಯಲ್ ಎಂಬ ಜಮೀನ್ದಾರನ ಆಸ್ತಿಯಿಂದ. ಆ ಮನೆತನದ ಸಿರಿ ಆಂಟಿಗುವಾ ದ್ವೀಪದ ಕಬ್ಬಿನ ತೋಟಗಳಲ್ಲಿ ಗುಲಾಮರ ದುಡಿಮೆಯಿಂದ ಬಂದದ್ದು. ಆ ಕುಟುಂಬದ ಮೂರು ತೆನೆಕಟ್ಟಿನ ಗುರುತೇ ಶಾಲೆಯ ಲಾಂಛನವೂ ಆಗಿತ್ತು. ಅಲ್ಲಿಯ ವಿದ್ಯಾರ್ಥಿಗಳೇ ಎದ್ದು ಪ್ರಶ್ನಿಸಿದರು, 2016ರಲ್ಲಿ ಲಾಂಛನ ಇಳಿಸಿದರು. ತನ್ನ ಶಾಲೆಯ ಹುಟ್ಟನ್ನೇ ದಾಖಲೆ ಹಿಡಿದು ಕೇಳುವ ಧೈರ್ಯ ಆ ಮಕ್ಕಳಿಗೆ ಬಂತಲ್ಲ, ಕಾನೂನು ಓದಿದ್ದು ಸಾರ್ಥಕವಾಯಿತು ಎಂದುಕೊಂಡೆ.

ಶುರುವಿನಲ್ಲಿ ಅಲ್ಲೂ ಪಾಠವೆಂದರೆ ಮೇಷ್ಟರು ಹೇಳುವುದು, ಹುಡುಗರು ಬರೆದುಕೊಳ್ಳುವುದು ಅಷ್ಟೇ. 1870ರಲ್ಲಿ ಕ್ರಿಸ್ಟೊಫರ್ ಲ್ಯಾಂಗ್‌ಡೆಲ್ ಡೀನ್ ಆಗಿ ಬಂದರು. ಅವರು ನೋಟ್ಸ್ ಕೊಡಲಿಲ್ಲ. ನಿಜವಾದ ಮೊಕದ್ದಮೆಗಳ ತೀರ್ಪುಗಳನ್ನೇ ಕಟ್ಟಿ ಪುಸ್ತಕ ಮಾಡಿ ಹುಡುಗರ ಕೈಗಿಟ್ಟರು. ಕರಾರು ಕಾನೂನಿನ ಆ ಪುಸ್ತಕ 1871ರಲ್ಲಿ ಬಂತು. ಬಾ, ಇದರಲ್ಲಿ ನಡೆದದ್ದೇನು ಹೇಳು, ಕೋರ್ಟು ಯಾಕೆ ಹೀಗೆಂದಿತು ಹೇಳು, ಸಂಗತಿ ಕೊಂಚ ಬೇರೆಯಾಗಿದ್ದರೆ ಏನೆನ್ನುತ್ತಿತ್ತು ಹೇಳು ಎಂದು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುತ್ತಿದ್ದರು. ಮೊದಮೊದಲು ಹುಡುಗರು ಓಡಿಹೋದರು. ಮುಂದೆ ಅಮೆರಿಕದ ಲಾ ಶಾಲೆಗಳೆಲ್ಲ ಅದನ್ನೇ ಹಿಡಿದವು. ಮೊಕದ್ದಮೆ ಓದಿದರೆ ಸಾಲದು, ಕಕ್ಷಿದಾರನನ್ನೂ ಕಾಣಬೇಕು ಎಂದು ಇಪ್ಪತ್ತನೇ ಶತಮಾನದಲ್ಲಿ ಅಲ್ಲಿ ಲೀಗಲ್ ಕ್ಲಿನಿಕ್ ಬಂದವು. ಮೆನನ್ ಅವರಿಗೆ ಹಿಡಿಸಿದ್ದು ಇದೇ.

ಈಗ ಯೋಚನೆ ಮಾಡು ಮಗಳೇ. ತೀರ್ಪನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವುದಕ್ಕೆ, ಎದುರು ಕೂತ ಕಕ್ಷಿದಾರರ ಮಾತು ಕೇಳುವುದಕ್ಕೆ ಯಾವ ಕಾಲೇಜಿನ ಗೇಟೂ ಅಡ್ಡ ಬರುವುದಿಲ್ಲ. ಒಳ್ಳೆಯ ಕಾಲೇಜು ಅದನ್ನು ಬಲವಂತವಾಗಿ ಮಾಡಿಸುತ್ತದೆ, ಸಾಧಾರಣ ಕಾಲೇಜಿನಲ್ಲಿ ನೀನೇ ಮಾಡಿಕೊಳ್ಳಬೇಕಾಗುತ್ತದೆ. ವ್ಯತ್ಯಾಸ ದೊಡ್ಡದೇ, ಆದರೆ ಬಿಕಾಂಗೆ ಓಡುವಷ್ಟಲ್ಲ.

ಎಲ್ಲಿಂದ ಶುರು ಮಾಡಲಿ ಎಂದರೆ, ನಮ್ಮೂರಿನದೇ ಮೊಕದ್ದಮೆ ಇದೆ. ಬೊಂದು ರಾಮಸ್ವಾಮಿ ವಿರುದ್ಧ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಅರ್ಕಾವತಿ ಬಡಾವಣೆಯದು. ನೀನು ಹುಟ್ಟುವುದಕ್ಕೂ ಮುಂಚೆ, 2003ರ ಫೆಬ್ರವರಿಯಲ್ಲಿ ಬಿಡಿಎ 16 ಹಳ್ಳಿಗಳ 3339 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಜಕ್ಕೂರು, ಅಮೃತಹಳ್ಳಿ, ಸಂಪಿಗೆಹಳ್ಳಿ, ರಾಚೇನಹಳ್ಳಿ, ಥಣಿಸಂದ್ರ, ಶ್ರೀರಾಂಪುರ, ಕೆಂಪಾಪುರ, ಎಲ್ಲ ಇದ್ದವು. ಮುಂದಿನ ವರ್ಷ ಅಂತಿಮ ಅಧಿಸೂಚನೆಯಲ್ಲಿ ಅದು 2750 ಎಕರೆಗೆ ಇಳಿಯಿತು. ಯಾರದು ಬಿಟ್ಟರು, ಯಾರದು ಉಳಿಸಿಕೊಂಡರು, ಪಕ್ಕದ ಸರ್ವೆ ನಂಬರು ಕೈಬಿಟ್ಟು ನಮ್ಮದನ್ನೇ ಯಾಕೆ ಹಿಡಿದರು ಎಂದು ಜನ ಹೈಕೋರ್ಟಿಗೆ ಹೋದರು. ಬಿಡಿಎಗೆ ಈ ಹಳ್ಳಿಗಳ ಜಮೀನಿಗೆ ಕೈ ಹಾಕುವ ಅಧಿಕಾರವೇ ಇಲ್ಲ ಎಂದೂ ವಾದಿಸಿದರು. 2005ರ ಏಪ್ರಿಲ್‌ನಲ್ಲಿ ಏಕಸದಸ್ಯ ಪೀಠ ಭೂಸ್ವಾಧೀನ ರದ್ದು ಮಾಡಿತು. ಅದೇ ವರ್ಷ ನವೆಂಬರ್‌ನಲ್ಲಿ ವಿಭಾಗೀಯ ಪೀಠ ಷರತ್ತು ಹಾಕಿ ಎತ್ತಿಹಿಡಿಯಿತು. 2010ರ ಮೇ 5ರಂದು ಸುಪ್ರೀಂ ಕೋರ್ಟು ಬಿಡಿಎಗೆ ಅಧಿಕಾರ ಉಂಟು ಎಂದಿತು, ಜೊತೆಗೆ ಅರ್ಹರ ಜಮೀನನ್ನು ಮರುಪರಿಶೀಲಿಸಬೇಕೆಂದು ನಿರ್ದೇಶನಗಳನ್ನೂ ಕೊಟ್ಟಿತು.

ತೀರ್ಪು ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ನಮ್ಮ ಹೈಕೋರ್ಟಿನಿಂದಲೇ ಮೇಲೆ ಹೋದವರು. ಕೊನೆಗೆ ಬರುವ ಪುಟಗಳನ್ನು ತಪ್ಪದೆ ಓದು. ಸರಿಯಾದ ಸರ್ವೆ, ಯೋಜನೆ ಇಲ್ಲದೆ ಸ್ವಾಧೀನಕ್ಕೆ ಇಳಿಯುವುದು, ಬೇಕಾದ್ದಕ್ಕಿಂತ ಹೆಚ್ಚು ಜಮೀನು ನೋಟಿಫೈ ಮಾಡಿ ಆಮೇಲೆ ಮನಬಂದಂತೆ ಬಿಡುವುದು, ಕಡಮೆ ಪರಿಹಾರ ನಿಗದಿ ಮಾಡಿ ರೈತನನ್ನು ಕೋರ್ಟಿಗೆ ಅಲೆಸುವುದು, ಆ ದುಡ್ಡನ್ನೂ ವರ್ಷಗಟ್ಟಲೆ ತಡಮಾಡುವುದು, ಜಮೀನು ಹೋದವನಿಗೆ ಬದುಕು ಕಟ್ಟಿಕೊಡದಿರುವುದು ಎಲ್ಲವನ್ನೂ ಅಲ್ಲಿ ಬರೆದಿದ್ದಾರೆ. ರಾಗಿ ಹೊಲ ಕಳೆದುಕೊಂಡವರು ಅಶ್ವತ್ಥಕಟ್ಟೆಯ ಮೇಲೆ ಕೂತು ಆಡಿಕೊಳ್ಳುತ್ತಿದ್ದ ಮಾತುಗಳೇ ಅವು. ದೇಶದ ಅತಿ ದೊಡ್ಡ ಕೋರ್ಟಿನ ತೀರ್ಪಿನಲ್ಲಿ ಅವನ್ನು ಓದಿದಾಗ ನನ್ನ ಕಣ್ಣು ತುಂಬಿತ್ತು. ಆ ಬಡಾವಣೆಯ ಡಿನೋಟಿಫಿಕೇಷನ್ ವಿಚಾರಕ್ಕೆ ಸರ್ಕಾರ 2014ರಲ್ಲಿ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಆಯೋಗ ನೇಮಿಸಬೇಕಾಗಿ ಬಂದದ್ದೂ ನಿನಗೆ ಗೊತ್ತಿರಲಿ.

ಆ ಮೊಕದ್ದಮೆಯ ಜೊತೆಗೆ ನಾನು ಕಂಡ ಒಂದು ಕಾಗದದ ಮಾತು. ಬಿಡಿಎ ಕಾಯಿದೆಯ 17ನೇ ಕಲಮಿನಲ್ಲಿ ಜಮೀನಿನವನಿಗೆ ನೋಟಿಸು ಕೊಡಬೇಕು, ಅದು ಕೈಸೇರಿದ 30 ದಿನದೊಳಗೆ ಅವನು ತಕರಾರು ಸಲ್ಲಿಸಬಹುದು ಎಂದಿದೆ. ನಮ್ಮ ಬೀದಿಯಲ್ಲೇ ಒಬ್ಬ ಅಜ್ಜಿ ಆ ನೋಟಿಸನ್ನು ದೇವರ ಪಟದ ಹಿಂದೆ ಮಡಿಸಿ ಇಟ್ಟಿದ್ದರು. ಕಂದಾಯದ ರಸೀದಿ ಎಂದುಕೊಂಡಿದ್ದರಂತೆ. ಕಾಗದದಲ್ಲಿ ಸರ್ವೆ ನಂಬರು, ಎಕರೆ ಗುಂಟೆ, ಖಾತೆದಾರರ ಹೆಸರು, ಚಕ್ಕುಬಂದಿ ಎಲ್ಲ ಇತ್ತು. ಖಾತೆದಾರರ ಕಾಲಮಿನಲ್ಲಿ ಎಂದೋ ತೀರಿಹೋದ ಅವರ ಮಾವನ ಹೆಸರು. ಪೌತಿ ಖಾತೆ ಮಾಡಿಸಿರಲಿಲ್ಲ. ನನ್ನ ಕೈಗೆ ಅದು ಬರುವ ಹೊತ್ತಿಗೆ ಗಡುವು ಎಂದೋ ಮುಗಿದಿತ್ತು. ಆ ಮನೆಯಲ್ಲಿ ಅದನ್ನು ಓದಿ ಇದರ ಅರ್ಥ ಹೀಗೆ ಅಜ್ಜಿ ಎಂದು ಹೇಳುವ ಒಬ್ಬ ಮೊಮ್ಮಗಳಿದ್ದಿದ್ದರೆ! ನೀನು ಆಗಬೇಕಾದದ್ದು ಅದು. ಜಡ್ಜ್ ಆಗು, ಅಡ್ವೊಕೇಟ್ ಜನರಲ್ ಆಗು, ನನಗೆ ಹೆಮ್ಮೆಯೇ. ಆದರೆ ಮೊದಲು ಪಹಣಿ, ಮ್ಯುಟೇಷನ್, ಆಕಾರ್‌ಬಂದ್, ಇಸಿ, ಹಳೆಯ ಕ್ರಯಪತ್ರ ಇಷ್ಟನ್ನು ಓದುವುದು ಕಲಿ. ಬಿ ಖರಾಬು ಅಂದರೇನು, ಜಿಪಿಎ ಮೇಲೆ ಸೈಟು ಕೊಂಡವನಿಗೆ ಏನು ಉಳಿಯುತ್ತದೆ, 1978ರ ಪಿಟಿಸಿಎಲ್ ಕಾಯಿದೆಯಡಿ ದಲಿತರಿಗೆ ಮಂಜೂರಾದ ಜಮೀನು ಪರಭಾರೆಯಾಗಿದ್ದರೆ ಏನು ದಾರಿ, ಇವು ನಾಗರಭಾವಿಯ ತರಗತಿಯಲ್ಲೂ ಪೂರಾ ಸಿಗುವುದಿಲ್ಲ. ಯಲಹಂಕದ ತಾಲ್ಲೂಕು ಕಚೇರಿಯಲ್ಲಿ ಸಿಗುತ್ತವೆ.

ಹೆಣ್ಣುಮಗಳಾದ್ದರಿಂದ ಇನ್ನೊಂದು ವಿಷಯವನ್ನೂ ಬಿಡಿಸಿ ಹೇಳಬೇಕು. ನಮ್ಮ ಕಡೆ ಜಮೀನಿಗೆ ಬೆಲೆ ಬಂದ ಮೇಲೆ ಹೆಣ್ಣುಮಕ್ಕಳಿಂದ ಹಕ್ಕು ಖುಲಾಸೆ ಪತ್ರ ಬರೆಸಿಕೊಳ್ಳುವುದು ಮನೆಮನೆಯ ಪದ್ಧತಿಯಾಯಿತು. ಮಡಿಲಕ್ಕಿ, ಸೀರೆ, ಒಂದಿಷ್ಟು ದುಡ್ಡು ಕೊಟ್ಟು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸುತ್ತಾರೆ. ನಾನು ಅಂಥ ಪತ್ರ ಎಷ್ಟೋ ನೋಡಿದ್ದೇನೆ. ಬಹಳ ಪತ್ರಗಳಲ್ಲಿ ಹೆಣ್ಣುಮಗಳಿಗೆ ತಾನು ಎಷ್ಟು ಪಾಲು ಬಿಡುತ್ತಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ಮಾಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಅಡ್ಡಿ ತೆಗೆಯಿತು. ಆ ದಿನ ತಂದೆ ಬದುಕಿರಬೇಕಿತ್ತೇ ಇಲ್ಲವೇ ಎಂದು ಕೋರ್ಟುಗಳಲ್ಲೇ ಗೊಂದಲವಿತ್ತು. 2020ರ ಆಗಸ್ಟ್ 11ರ ವಿನೀತಾ ಶರ್ಮ ತೀರ್ಪು, ಬದುಕಿರಬೇಕಾಗಿಲ್ಲ ಎಂದು ಇತ್ಯರ್ಥ ಮಾಡಿತು. ನಿನ್ನ ಅತ್ತೆಯರಿಗೆ ಇದನ್ನು ವಿವರಿಸಿ ಹೇಳು. ಮನೆಯಲ್ಲಿ ಯಾರಿಗಾದರೂ ಬೇಸರವಾದರೆ ದೊಡ್ಡಪ್ಪ ಹೇಳಿಕೊಟ್ಟ ಎನ್ನು. ತಿಳಿದು, ಮನಸಾರೆ ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವುದು ಅವರ ಇಷ್ಟ. ತಿಳಿಸದೆ ಬಿಡಿಸಿಕೊಳ್ಳುವುದು ಅನ್ಯಾಯ, ಅದು ಯಾರ ಮನೆಯಲ್ಲಾದರೂ ಅನ್ಯಾಯವೇ.

ಕನ್ನಡ ಬಿಡಬೇಡ. ಹೈಕೋರ್ಟಿನಲ್ಲಿ ಇಂಗ್ಲಿಷೇ ನಡೆಯುವುದು, ಅದನ್ನು ಗಟ್ಟಿಯಾಗಿ ಕಲಿ, ಉಪೇಕ್ಷೆ ಬೇಡ. ಆದರೆ ಕಕ್ಷಿದಾರರು ಕಣ್ಣೀರು ಹಾಕುವುದು ಕನ್ನಡದಲ್ಲಿ, ಸಾಕ್ಷಿ ಹೇಳುವುದು ಕನ್ನಡದಲ್ಲಿ, ನಮ್ಮ ಜಮೀನಿನ ಕಾಗದವೆಲ್ಲ ಕನ್ನಡದಲ್ಲಿ. ಕಾನ್ವೆಂಟಿನಲ್ಲಿ ಓದಿದ ಜಾಣ ಜೂನಿಯರ್‌ಗಳು ಹಳೆಯ ಕೈಬರಹದ ಕ್ರಯಪತ್ರ ಹಿಡಿದು ಕಕ್ಕಾಬಿಕ್ಕಿಯಾಗುವುದನ್ನು ಕಂಡಿದ್ದೇನೆ. ವಾರಕ್ಕೊಂದು ಪುಟ ಇಂಗ್ಲಿಷ್ ತೀರ್ಪನ್ನು ನಿಮ್ಮಮ್ಮನಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಹೇಳಿ ನೋಡು. ಅವಳು ತಲೆಯಾಡಿಸಿದರೆ ನಿನಗೆ ಅರ್ಥವಾಗಿದೆ ಎಂದು ತಿಳಿ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಿ ಮರುಳಾಗಬೇಡ. ಬಾರ್ ಕೌನ್ಸಿಲ್‌ನ 2008ರ ನಿಯಮದಂತೆ ಪ್ರತಿ ಲಾ ಕಾಲೇಜಿನಲ್ಲೂ ಕಾನೂನು ನೆರವು ಕೇಂದ್ರ ಇರಬೇಕು. ಅರ್ಜಿ ಬರೆಯುವುದು, ವೃತ್ತಿನೀತಿ, ರಾಜಿ ಸಂಧಾನ, ಮೂಟ್ ಕೋರ್ಟ್ ಇವೆಲ್ಲ ಪ್ರಾಯೋಗಿಕ ವಿಷಯಗಳಾಗಿ ಇರಬೇಕು. ಆ ನೆರವು ಕೇಂದ್ರದ ಬಾಗಿಲು ತೆಗೆಸಿ ನೋಡು. ಕಳೆದ ತಿಂಗಳು ಯಾರು ಬಂದಿದ್ದರು, ಯಾವ ವಿಷಯಕ್ಕೆ ಬಂದಿದ್ದರು ಎಂದು ರಿಜಿಸ್ಟರ್ ಕೇಳು. ಲೈಬ್ರರಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ಅಲ್ಲಿ ಕೂತಿರುವ ಸೀನಿಯರ್ ಹುಡುಗಿಯರನ್ನು ಕೇಳು, ಪ್ರಿನ್ಸಿಪಾಲರನ್ನಲ್ಲ. ಹಾಜರಿಗೆ ದುಡ್ಡು ಕೊಟ್ಟರೆ ಸಾಕು ಎನ್ನುವ ಕಡೆ ಕಾಲಿಡಬೇಡ, ಫೀಸು ಎಷ್ಟೇ ಕಡಮೆಯಿರಲಿ.

ಕಾನೂನು ನೆರವಿನ ಕೆಲಸಕ್ಕೆ ಮೊದಲ ವರ್ಷದಿಂದಲೇ ಸೇರಿಕೋ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ವರಮಾನ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. 15100 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಸಾಕು. ನಮ್ಮ ಲೇಔಟುಗಳಲ್ಲಿ ಮನೆಗೆಲಸಕ್ಕೆ ಬರುವ ಹೆಂಗಸರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ನಮ್ಮೂರ ಕೆರೆಯ ಸುತ್ತ ನಡೆದಾಡುವಾಗಲೂ ಕಾನೂನಿನ ಕಣ್ಣಿರಲಿ. ಬೆಂಗಳೂರಿನ ಕೆರೆಗಳನ್ನು ಉಳಿಸಿ ಎಂದು ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಹೈಕೋರ್ಟಿಗೆ ಹೋದ ಮೇಲೆಯೇ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ಕೂತದ್ದು, 2011ರಲ್ಲಿ ವರದಿ ಬಂದದ್ದು. ರಾಜಕಾಲುವೆ, ಬಫರ್ ಎಂದು ಎಲ್ಲರೂ ಇವತ್ತು ಆಡುವ ಮಾತಿನ ಹಿಂದೆ ಅಂಥ ಅರ್ಜಿಗಳಿವೆ.

ಓದು ಮುಗಿದ ಮೇಲಿನ ದಿನಗಳ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ಮೊದಲ ಕೆಲವು ವರ್ಷ ಸೀನಿಯರ್ ಆಫೀಸಿನಲ್ಲಿ ಕಟ್ಟು ಹೊರುವುದು, ಸರ್ಟಿಫೈಡ್ ಕಾಪಿಗೆ ಕಾಯುವುದು, ವಾಯಿದೆ ತೆಗೆದುಕೊಳ್ಳುವುದು, ಕೈಗೆ ಬರುವುದು ಬಸ್ ಚಾರ್ಜಿಗೆ ಸಾಲದು. ಆ ದಿನಗಳಲ್ಲಿ ಮನೆಯವರು ಕೈ ಹಿಡಿಯಬೇಕು, ನಿಮ್ಮಪ್ಪನಿಗೆ ಇದನ್ನು ಈಗಲೇ ಹೇಳಿದ್ದೇನೆ. ಜಡ್ಜ್ ಪರೀಕ್ಷೆ ಬರೆಯಬೇಕೆಂದರೂ ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕು ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನನಗೆ ಅದು ಸರಿ ಎನಿಸಿತು. ಕಾರಿಡಾರಿನಲ್ಲಿ ಕಾಯುವ ಜನರ ಮುಖ ನೋಡದೆ ಪೀಠದಲ್ಲಿ ಕೂರಬಾರದು. ಸನ್ನದು ಮಾಡಿಸುವ ಖರ್ಚಿಗೆ ಹೆದರಬೇಡ. ರಾಜ್ಯ ರಾಜ್ಯದಲ್ಲಿ ಸಾವಿರಾರು ರೂಪಾಯಿ ಕೀಳುತ್ತಿದ್ದರು, 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಸಾಮಾನ್ಯರಿಗೆ 750, ಪರಿಶಿಷ್ಟರಿಗೆ 125 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂದು ಕಟ್ಟಪ್ಪಣೆ ಮಾಡಿದೆ.

ಸದ್ಯಕ್ಕೆ ಮಾಡಬೇಕಾದದ್ದು ಇಷ್ಟು. ನ್ಯಾಷನಲ್ ಲಾ ಸ್ಕೂಲಿನ ಪ್ರವೇಶ ಪರೀಕ್ಷೆ ಕ್ಲಾಟ್ ಬರೆ, ಮನಸ್ಸಿಟ್ಟು ಬರೆ. ಸೀಟು ಸಿಕ್ಕಿದರೆ ಸಾಲಕ್ಕೆ ಬ್ಯಾಂಕಿನಲ್ಲಿ ನಾನೇ ಜಾಮೀನು ನಿಲ್ಲುತ್ತೇನೆ. ಸಿಗದಿದ್ದರೆ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬೆಂಗಳೂರಿನಲ್ಲೇ ಬೇಕಾದಷ್ಟು ಕಾಲೇಜುಗಳಿವೆ, ಐದು ವರ್ಷದ ಕೋರ್ಸಿಗೆ ಪಿಯುಸಿಯಲ್ಲಿ ಶೇ. 45 ಅಂಕವಿದ್ದರೆ ಅರ್ಹತೆ ಆಯಿತು, ನಿನಗೆ ಅದಕ್ಕಿಂತ ಎಷ್ಟೋ ಹೆಚ್ಚಿದೆ. ಡಿಗ್ರಿಯಾದ ಮೇಲೆ ಮೂರು ವರ್ಷದ ದಾರಿಯೂ ಉಂಟು, 2022ರಿಂದ ನಾಗರಭಾವಿಯಲ್ಲೇ ಅದು ಶುರುವಾಗಿದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಸೋಮವಾರವೇ ನಾಡಕಚೇರಿಯಲ್ಲಿ ಅರ್ಜಿ ಹಾಕಿಸು, ಕೊನೆಯ ವಾರದಲ್ಲಿ ಅಲ್ಲಿ ಸರ್ವರ್ ಇರುವುದಿಲ್ಲ. ಬೊಂದು ರಾಮಸ್ವಾಮಿ ತೀರ್ಪನ್ನು ಪ್ರಿಂಟ್ ತೆಗೆಸಿ ನಿಮ್ಮಪ್ಪನ ಕೈಲಿ ಕಳಿಸುತ್ತಿದ್ದೇನೆ. ಉದ್ದ ಇದೆ, ಗಾಬರಿಯಾಗಬೇಡ. ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಭಾನುವಾರ ಬಾ, ಕೂತು ನೋಡೋಣ.